ಹಳೆಯ ಕಾರ್ಡಿಗೆ ಎರಡನೆಯ ಉದ್ಯೋಗ



ಗದಗ ಮತ್ತು ಕೊಪ್ಪಳಗಳ ನಡುವಣ ರೈಲುದಾರಿಯಲ್ಲಿ ತಳಕಲ್ ಎಂಬುದು ಬಹುಕಾಲ ಪ್ರಯಾಣಿಕರು ಕಿಟಕಿಯಿಂದಲೇ ಕಂಡು ಮುಂದುವರಿಯುತ್ತಿದ್ದ ಒಂದು ಸಣ್ಣ ನಿಲ್ದಾಣವಾಗಿತ್ತು. ವಾಡಿಯ ಕಡೆಗೆ ಹೋಗತಕ್ಕ ಹೊಸ ಮಾರ್ಗವು ಅಲ್ಲಿಂದ ಕವಲೊಡೆದು, 2025ರ ಮೇ ತಿಂಗಳಿನಿಂದ ಕುಷ್ಟಗಿಯವರೆಗೆ ಪ್ರಯಾಣಿಕರ ಗಾಡಿ ಓಡತೊಡಗಿದ ತರುವಾಯ ಆ ನಿಲ್ದಾಣದ ಮಹತ್ತ್ವ ಹೆಚ್ಚಿದೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜೊಂದು ಅಲ್ಲಿ ನೆಲೆಗೊಂಡಿರುವುದರಿಂದ ಊರಿನ ಓಣಿಗಳಲ್ಲಿ ಹೊರಗಿನ ತರುಣರ ಮಾತೂ ಕೇಳಿಬರುತ್ತಿದೆ. ಹಗಲೆಲ್ಲ ಗಣಿತವನ್ನೂ ವಿದ್ಯುಚ್ಛಾಸ್ತ್ರವನ್ನೂ ಓದಿ, ರಾತ್ರಿ ಕಂಪ್ಯೂಟರಿನ ಆಟಗಳಲ್ಲಿ ಮೈಮರೆಯುವ ಈ ತರುಣರ ಕೋಣೆಗಳಲ್ಲಿ, ಅಂತೆಯೇ ಕೊಪ್ಪಳ ಗಂಗಾವತಿಗಳ ಅನೇಕ ಮನೆಗಳಲ್ಲಿ, ಈಚೆಗೆ ಒಂದು ವಿಶೇಷ ವಸ್ತು ಶೇಖರವಾಗುತ್ತಿದೆ. ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೊಂಡ ದಿನ ಯಂತ್ರದಿಂದ ಕಳಚಿ, ಹೊಸದು ಬಂದ ಅದೇ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಅಲಮಾರಿನ ಮೇಲಿಟ್ಟ ಹಳೆಯ ಕಾರ್ಡೇ ಆ ವಸ್ತು. ಅದು ಕೆಟ್ಟಿಲ್ಲ, ಮಾರಲು ಹೋದರೆ ಬೆಲೆಯಿಲ್ಲ, ಎಸೆಯಲು ಮನಸ್ಸಿಲ್ಲ. ಅದನ್ನು ಹೊಸ ಕಾರ್ಡಿನ ಪಕ್ಕದಲ್ಲಿಯೇ ಎರಡನೆಯದಾಗಿ ಕೂರಿಸಿ, ಆಟದ ಕೆಲಸದಲ್ಲಿ ಪಾಲುಗೊಳ್ಳುವಂತೆ ಮಾಡಲು ಸಾಧ್ಯವೇ ಎಂಬ ವಿಷಯವನ್ನು ಇಂದು ತಮ್ಮ ಮುಂದೆ ವಿವೇಚಿಸಬೇಕೆಂದು ಬಯಸಿದ್ದೇನೆ.

ಆಟಿಕೆಯ ವಿಚಾರವನ್ನು ಇಷ್ಟು ಗಂಭೀರವಾಗಿ ಚರ್ಚಿಸಬೇಕೇ ಎಂದು ಹಿರಿಯರಾದ ಕೆಲವರು ಮುಗುಳ್ನಗಬಹುದು. ಆದರೆ ಕಿನ್ನಾಳದ ಚಿತ್ರಗಾರರು ತಲೆತಲಾಂತರದಿಂದ ಮರದ ಬೊಂಬೆಗಳನ್ನು ಕೆತ್ತಿ ಬಣ್ಣವಿಡುತ್ತ ಬಂದ, ತಳಕಲ್ಲಿನ ನೆರೆಯ ಭಾನಾಪುರದಲ್ಲಿ ಆಟಿಕೆಗಳ ಕಾರ್ಖಾನೆಗಳಿಗಾಗಿಯೇ ನೂರಾರು ಎಕರೆ ನೆಲವನ್ನು ಮೀಸಲಿಟ್ಟ ಕೊಪ್ಪಳ ಜಿಲ್ಲೆಯಲ್ಲಿ ಕುಳಿತು ಆಟಿಕೆಯನ್ನು ಹಗುರವಾಗಿ ಕಾಣುವುದು ತರವಲ್ಲವೆಂದು ನಾನು ಭಾವಿಸುತ್ತೇನೆ.

ಮೊದಲು ಈ ಕಾರ್ಡಿನ ಕಾರ್ಯವೇನೆಂಬುದನ್ನು ಸ್ಥೂಲವಾಗಿ ತಿಳಿಯೋಣ. ನಮ್ಮ ಮುಂದಿರುವ ಸಾಮಾನ್ಯ ಮಾನಿಟರಿನ ಮೇಲೆ ಅಡ್ಡಲಾಗಿ 1920, ಉದ್ದವಾಗಿ 1080, ಹೀಗೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಕ್ಕ ಬಣ್ಣದ ಚುಕ್ಕೆಗಳಿವೆ. ಇವುಗಳಿಗೆ ಪಿಕ್ಸೆಲ್‌ಗಳೆಂದು ಹೆಸರು. ಆಟ ನಡೆಯುತ್ತಿರುವಾಗ ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ ಬೆಳಕು, ನೆರಳು, ದೂರ, ಕೋನಗಳನ್ನನುಸರಿಸಿ ಲೆಕ್ಕಹಾಕಿ, ಹಾಗೆ ಸಿದ್ಧವಾದ ಇಡಿಯ ಚಿತ್ರವನ್ನು, ಎಂದರೆ ಫ್ರೇಮನ್ನು, ಒಂದು ಸೆಕೆಂಡಿನಲ್ಲಿ 60 ಬಾರಿಯಾದರೂ ಹೊಸದಾಗಿ ಬರೆದು ಕಳುಹಿಸುವುದು ಕಾರ್ಡಿನ ಹೊಣೆ. ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟುಗಳಂತೆ ಎಣಿಸಿದರೆ ಒಂದು ಫ್ರೇಮಿನ ಗಾತ್ರ ಸುಮಾರು 8.3 ಮೆಗಾಬೈಟು, ಸೆಕೆಂಡಿಗೆ 60 ಫ್ರೇಮುಗಳೆಂದರೆ ಹತ್ತಿರ ಹತ್ತಿರ 500 ಮೆಗಾಬೈಟು. ಈ ಸಂಖ್ಯೆಯನ್ನು ತಾವು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಒಂದು ಕಡೆ ಇದರಿಂದ ಕೆಲಸವಿದೆ.

ಎರಡನೆಯ ಕಾರ್ಡೆಂಬುದು ಈಚಿನವರ ಕಲ್ಪನೆಯೆಂದು ತಿಳಿಯುವುದು ಸರಿಯಲ್ಲ. ವಸ್ತುತಃ ಮನೆಯ ಕಂಪ್ಯೂಟರುಗಳಲ್ಲಿ ಮೂರು ಆಯಾಮಗಳ ಆಟವು ಜನಪ್ರಿಯವಾದದ್ದೇ ಎರಡನೆಯ ಕಾರ್ಡಿನಿಂದ. 1996ರಲ್ಲಿ 3ಡಿಎಫ್‌ಎಕ್ಸ್ ಎಂಬ ಸಂಸ್ಥೆಯು ಹೊರತಂದ ವೂಡೂ ಎಂಬ ಕಾರ್ಡಿಗೆ ಅಕ್ಷರಗಳನ್ನೂ ಕಡತಗಳನ್ನೂ ತೋರಿಸುವ ಸಾಮಾನ್ಯ ಕೆಲಸ ಬರುತ್ತಲೇ ಇರಲಿಲ್ಲ. ಅದಕ್ಕಾಗಿ ಮೊದಲಿನ ಕಾರ್ಡು ಯಂತ್ರದಲ್ಲಿ ಹಾಗೆಯೇ ಇರಬೇಕಾಗಿತ್ತು. ಒಂದು ಗಿಡ್ಡ ಕೇಬಲ್ಲು ಮೊದಲನೆಯದರಿಂದ ಹೊರಟು ವೂಡೂವನ್ನು ಹೊಕ್ಕು, ಅಲ್ಲಿಂದ ಮಾನಿಟರಿಗೆ ಹೋಗುತ್ತಿತ್ತು. ಆಟ ಆರಂಭವಾದೊಡನೆ ವೂಡೂ ತಾನೇ ಪರದೆಯನ್ನು ವಹಿಸಿಕೊಳ್ಳುತ್ತಿತ್ತು. ಎರಡು ವರ್ಷಗಳ ತರುವಾಯ, 1998ರಲ್ಲಿ, ವೂಡೂ 2 ಬಂದಾಗ ಎರಡು ಅಂಥ ಕಾರ್ಡುಗಳನ್ನು ಜೊತೆಗೂಡಿಸುವ ಉಪಾಯವೂ ಬಂದಿತು: ಚಿತ್ರದ ಸಮಸಂಖ್ಯೆಯ ಗೆರೆಗಳನ್ನು ಒಂದು ಕಾರ್ಡು, ವಿಷಮಸಂಖ್ಯೆಯ ಗೆರೆಗಳನ್ನು ಇನ್ನೊಂದು ಬರೆಯುವುದು. ಎಸ್‌ಎಲ್‌ಐ ಎಂಬ ಹೆಸರು ಹುಟ್ಟಿದ್ದು ಆಗ. ಆ ಸಂಸ್ಥೆಯು ಅವನತಿಗಿಳಿದು, 2000ದ ಡಿಸೆಂಬರಿನಲ್ಲಿ ಅದರ ಸ್ವತ್ತುಗಳು ಪ್ರತಿಸ್ಪರ್ಧಿ ಸಂಸ್ಥೆಯಾದ ಎನ್‌ವಿಡಿಯಾದ ಪಾಲಾಗಲು ಒಪ್ಪಂದವಾಯಿತು. 2004ರಲ್ಲಿ ಎನ್‌ವಿಡಿಯಾ ಅದೇ ಮೂರಕ್ಷರಗಳಿಗೆ ಬೇರೊಂದು ವಿಸ್ತಾರವನ್ನು ಕೊಟ್ಟು ಆ ಪದ್ಧತಿಯನ್ನು ಪುನರುಜ್ಜೀವಿಸಿತು. ಮರುವರ್ಷ ಎಟಿಐ ಸಂಸ್ಥೆಯು ಕ್ರಾಸ್‌ಫೈರ್ ಎಂಬುದನ್ನು ತಂದಿತು.

ಈ ಎರಡನೆಯ ಅವತಾರದಲ್ಲಿ ಗೆರೆಗಳ ಹಂಚಿಕೆಯ ಬದಲು ಫ್ರೇಮುಗಳ ಹಂಚಿಕೆಯೇ ಹೆಚ್ಚಾಗಿ ರೂಢಿಗೆ ಬಂದಿತು. ಮೊದಲನೆಯ ಫ್ರೇಮು ಒಬ್ಬನಿಗೆ, ಎರಡನೆಯದು ಇನ್ನೊಬ್ಬನಿಗೆ, ಮೂರನೆಯದು ಮತ್ತೆ ಮೊದಲಿಗನಿಗೆ. ಕೇಳಲು ಬಹು ನ್ಯಾಯವಾದ ಏರ್ಪಾಡು. ಆದರೆ ಇದು ಸಲ್ಲಬೇಕಾದರೆ ಇಬ್ಬರೂ ಸಮಬಲರಾಗಿರಬೇಕು. ಮುದಿಯೆತ್ತನ್ನೂ ಎಳೆಯ ಹೋರಿಯನ್ನೂ ಒಂದೇ ನೊಗಕ್ಕೆ ಕಟ್ಟಿ ಎರೆಹೊಲಕ್ಕೆ ಇಳಿಸಿದ ರೈತನಿಗೆ ಸಾಲು ಹೇಗೆ ಬೀಳುತ್ತದೆಂಬುದನ್ನು ಯಲಬುರ್ಗಾ ಸೀಮೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಎನ್‌ವಿಡಿಯಾವಂತೂ ಒಂದೇ ಮಾದರಿಯ ಚಿಪ್ಪುಳ್ಳ ಕಾರ್ಡುಗಳಲ್ಲದೆ ಬೇರೆಯವನ್ನು ಜೋಡಿಸಗೊಡುತ್ತಿರಲಿಲ್ಲ. ಆದುದರಿಂದ ಹಳೆಯದೊಂದು, ಹೊಸದೊಂದು ಎಂಬ ನಮ್ಮ ಪ್ರಕರಣಕ್ಕೆ ಅಲ್ಲಿ ಪ್ರವೇಶವೇ ಇರಲಿಲ್ಲ. ಸಮಬಲದ ಕಾರ್ಡುಗಳಲ್ಲಿಯೂ ಫ್ರೇಮುಗಳು ಸಮಾನ ಅಂತರದಲ್ಲಿ ಹೊರಬರದೆ, ಎರಡು ಬೇಗನೆ, ಮತ್ತೊಂದು ತಡವಾಗಿ, ಹೀಗೆ ತೊದಲುತ್ತ ಬರುತ್ತಿದ್ದುದರಿಂದ, ಲೆಕ್ಕದಲ್ಲಿ ವೇಗ ಹೆಚ್ಚಿದರೂ ಕಣ್ಣಿಗೆ ನುಣುಪು ದೊರೆಯಲಿಲ್ಲ. ಅದೂ ಅಲ್ಲದೆ, ನಾಲ್ಕು ಗಿಗಾಬೈಟು ಸ್ಮೃತಿಯುಳ್ಳ ಎರಡು ಕಾರ್ಡುಗಳನ್ನು ಸೇರಿಸಿದರೆ ಎಂಟಾಗುತ್ತಿರಲಿಲ್ಲ; ಒಂದರಲ್ಲಿದ್ದುದನ್ನೇ ಇನ್ನೊಂದರಲ್ಲಿಯೂ ತುಂಬಬೇಕಾಗಿದ್ದುದರಿಂದ ಅದು ನಾಲ್ಕಾಗಿಯೇ ಉಳಿಯುತ್ತಿತ್ತು. 2015ರಲ್ಲಿ ಬಂದ ಡೈರೆಕ್ಟ್‌ಎಕ್ಸ್ 12 ಬೇರೆ ಬೇರೆ ಸಂಸ್ಥೆಗಳ ಕಾರ್ಡುಗಳನ್ನೂ ಕೂಡಿ ದುಡಿಸುವ ಅವಕಾಶವನ್ನು ಆಟ ಬರೆಯುವವರಿಗೆ ಕೊಟ್ಟಿತು. ಮರುವರ್ಷ ಬಂದ ಆಶಸ್ ಆಫ್ ದಿ ಸಿಂಗ್ಯುಲಾರಿಟಿ ಎಂಬ ಆಟವು ಅದನ್ನು ಮಾಡಿಯೂ ತೋರಿಸಿತು. ಆದರೆ ಬೆರಳೆಣಿಕೆಯ ಜನರಿಗಾಗಿ ಅಷ್ಟು ಶ್ರಮಪಡಲು ಉಳಿದವರು ಮುಂದಾಗಲಿಲ್ಲ. 2021ರ ಆರಂಭದಿಂದ ಎನ್‌ವಿಡಿಯಾ ಹೊಸ ಆಟಗಳಿಗೆ ಎಸ್‌ಎಲ್‌ಐ ಹೊಂದಿಕೆಗಳನ್ನು ಸೇರಿಸುವುದನ್ನೇ ನಿಲ್ಲಿಸಿತು.

ಈಚೆಗೆ ಒಬ್ಬ ವಿದ್ಯಾರ್ಥಿಯು ನನ್ನನ್ನು ಕೇಳಿದನು: "ಸರ್, ಎರಡು ಕಾರ್ಡು ಹಾಕಿದ್ರ ಸ್ಪೀಡು ಡಬಲ್ ಆಗ್ತೈತೇನ್ರಿ?" ಆಗುವುದಿಲ್ಲವೆಂದೆನು. ಆತನ ಮುಖ ಬಾಡಿದ್ದನ್ನು ಕಂಡು, ಡಬಲ್ ಆಗದಿದ್ದರೂ ಹಳೆಯದಕ್ಕೆ ಬೇರೆ ಕೆಲಸ ಕೊಡಬಹುದೆಂದು ಸೇರಿಸಿದೆನು. ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದೂ ಅಷ್ಟೇ. ಒಂದೇ ಕೆಲಸವನ್ನು ಇಬ್ಬರಿಗೆ ಸರಿಪಾಲಾಗಿ ಹಂಚಿದ ಪ್ರಯತ್ನಗಳೆಲ್ಲ ಕೊನೆಗೆ ನಿಂತುಹೋದವು. ಒಬ್ಬನಿಗೆ ಒಂದು ಕೆಲಸ, ಮತ್ತೊಬ್ಬನಿಗೆ ಅದಕ್ಕಿಂತ ಕಿರಿದಾದ, ಆದರೆ ಸ್ವತಂತ್ರವಾದ ಇನ್ನೊಂದು ಕೆಲಸ ಎಂದು ವಿಭಾಗಿಸಿದ ಪ್ರಯತ್ನಗಳು ಫಲಿಸಿದವು. ಮುಪ್ಪಿನ ಕಾರ್ಡಿಗೆ ತಕ್ಕ ಕಿರಿಕೆಲಸಗಳು ಮುಖ್ಯವಾಗಿ ಎರಡು.

ಮೊದಲನೆಯದು ಫಿಸಿಕ್ಸ್ ಎಂದು ಉಚ್ಚರಿಸಿ, ಪಿಎಚ್‌ವೈಎಸ್‌ಎಕ್ಸ್ ಎಂದು ಬರೆಯುವ ಒಂದು ತಂತ್ರ. ಆಟದೊಳಗೆ ಗಾಜು ಒಡೆದಾಗ ಚೂರುಗಳು ಚದುರುವ ಬಗೆ, ಹೊಗೆ ಸುತ್ತಿಕೊಳ್ಳುವ ಬಗೆ, ಪತಾಕೆಯು ಗಾಳಿಗೆ ಬಳುಕುವ ಬಗೆ, ಇವುಗಳನ್ನೆಲ್ಲ ಚಲನಶಾಸ್ತ್ರದ ನಿಯಮಗಳಿಂದ ಲೆಕ್ಕಮಾಡಿ ತೋರಿಸುವುದು ಅದರ ಉದ್ದೇಶ. ಏಜಿಯಾ ಎಂಬ ಸಂಸ್ಥೆಯು 2006ರಲ್ಲಿ ಇದಕ್ಕಾಗಿಯೇ ಪ್ರತ್ಯೇಕವಾದ ಕಾರ್ಡನ್ನು ಮಾರಾಟಕ್ಕೆ ತಂದಿತು. 2008ರಲ್ಲಿ ಎನ್‌ವಿಡಿಯಾ ಏಜಿಯಾವನ್ನು ಕೊಂಡು, ತನ್ನ ಜಿಫೋರ್ಸ್ ಕಾರ್ಡುಗಳಲ್ಲಿಯೇ ಆ ಲೆಕ್ಕ ನಡೆಯುವಂತೆ ಮಾಡಿತು. ಯಂತ್ರದಲ್ಲಿ ಎರಡು ಜಿಫೋರ್ಸ್ ಕಾರ್ಡುಗಳಿದ್ದರೆ ಅವುಗಳಲ್ಲೊಂದನ್ನು ಈ ಕೆಲಸಕ್ಕೆ ಮೀಸಲಿಡಬಹುದೆಂಬ ಆಯ್ಕೆಯನ್ನೂ ತನ್ನ ನಿಯಂತ್ರಣ ಫಲಕದಲ್ಲಿ ಇರಿಸಿತು. ಮಿರರ್ಸ್ ಎಡ್ಜ್, ಬ್ಯಾಟ್‌ಮ್ಯಾನ್ ಮಾಲಿಕೆಯ ಆಟಗಳು, ಮಾಫಿಯಾ 2, ಬಾರ್ಡರ್‌ಲ್ಯಾಂಡ್ಸ್ 2 ಇವು ಆ ಕಾಲದಲ್ಲಿ ಈ ತಂತ್ರದ ಸೊಬಗನ್ನು ಮೆರೆದ ಆಟಗಳು. ಮುಖ್ಯ ಕಾರ್ಡು ಪ್ರತಿಸ್ಪರ್ಧಿ ಸಂಸ್ಥೆಯಾದ ಎಎಂಡಿಯದಾಗಿದ್ದರೆ ಪಕ್ಕದ ಜಿಫೋರ್ಸು ಈ ಸೇವೆಯನ್ನು ಸಲ್ಲಿಸದಂತೆ 2009ರಲ್ಲಿ ಎನ್‌ವಿಡಿಯಾ ತನ್ನ ಡ್ರೈವರಿನಲ್ಲಿ, ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶದಲ್ಲಿ, ತಡೆಯೊಡ್ಡಿತು. ದುಡ್ಡು ಕೊಟ್ಟು ಕೊಂಡ ವಸ್ತುವಿನ ಮೇಲೆ ಮಾರಿದವನು ಹೀಗೆ ಹತೋಟಿ ಉಳಿಸಿಕೊಳ್ಳುವುದು ನನಗಂತೂ ಹಿಡಿಸದ ಸಂಗತಿ.

ಈ ತಂತ್ರವು ಬಳಕೆಯಿಂದ ಮರೆಯಾಗುತ್ತಿದ್ದಾಗ, 2025ರ ಆರಂಭದಲ್ಲಿ ಅದು ವಿಚಿತ್ರವಾಗಿ ಮತ್ತೆ ಸುದ್ದಿಗೆ ಬಂದಿತು. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಶ್ರೇಣಿಯ ಹೊಸ ಕಾರ್ಡುಗಳಿಗೆ 32 ಬಿಟ್ಟಿನ ಹಳೆಯ ಗಣನಕ್ರಮದ ಬೆಂಬಲವನ್ನು ತೆಗೆದುಹಾಕಲಾಗಿತ್ತು. ಹಳೆಯ ಆಟಗಳ ಫಿಸಿಕ್ಸ್ ಲೆಕ್ಕವು ಅದನ್ನೇ ನೆಚ್ಚಿದ್ದುದರಿಂದ, ದುಬಾರಿ ಬೆಲೆ ತೆತ್ತು ಅತ್ಯಂತ ಪ್ರಬಲವಾದ ಕಾರ್ಡನ್ನು ತಂದವನು ಹತ್ತು ಹನ್ನೆರಡು ವರ್ಷಗಳ ಹಿಂದಿನ ಆಟವನ್ನು ತೆರೆದಾಗ, ಗಾಜು ಒಡೆಯುವ ಸನ್ನಿವೇಶಗಳಲ್ಲಿ ಲೆಕ್ಕವೆಲ್ಲ ಕಂಪ್ಯೂಟರಿನ ಮುಖ್ಯ ಸಂಸ್ಕಾರಕದ ಮೇಲೆ ಬಿದ್ದು, ಆಟ ಕುಂಟತೊಡಗಿತು. ಅಲಮಾರಿನ ಮೇಲಿದ್ದ ಹಳೆಯ ಜಿಫೋರ್ಸನ್ನು ಇಳಿಸಿ ಎರಡನೆಯ ಸ್ಲಾಟಿನಲ್ಲಿ ಕೂರಿಸಿದವರಿಗೆ ಆ ಕುಂಟು ಮಾಯವಾಯಿತು. ಹೊಸದಕ್ಕೆ ಬಾರದ ವಿದ್ಯೆಯು ಹಳೆಯದಕ್ಕೆ ಬರುತ್ತದೆಂಬುದು ಯಂತ್ರಪ್ರಪಂಚದಲ್ಲಿ ಅಪರೂಪವಾದ ಸಂಗತಿ. ಅದೇ ವರ್ಷದ ಕೊನೆಗೆ ಎನ್‌ವಿಡಿಯಾವೇ ಆಯ್ದ ಕೆಲವು ಆಟಗಳಿಗೆ ಆ ಬೆಂಬಲವನ್ನು ಮರಳಿ ಕೊಟ್ಟುದರಿಂದ ಈ ಪ್ರಯೋಜನದ ಮಹತ್ತ್ವ ಈಗ ಕುಗ್ಗಿದೆ.

ಎರಡನೆಯ ಕೆಲಸವೇ ಇಂದು ಹೆಚ್ಚು ಪ್ರಚಾರದಲ್ಲಿರುವಂಥದು. ಆದುದರಿಂದ ಅದನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗುತ್ತದೆ. ಎರಡು ನಿಜವಾದ ಫ್ರೇಮುಗಳನ್ನು ಹೋಲಿಸಿ, ಅವುಗಳ ನಡುವೆ ಚಲನೆ ಎತ್ತಲಿಂದ ಎತ್ತ ಸಾಗಿದೆಯೆಂದು ಊಹಿಸಿ, ಮಧ್ಯದಲ್ಲಿ ಇರಬಹುದಾಗಿದ್ದ ಒಂದು ಫ್ರೇಮನ್ನು ಹೊಸದಾಗಿ ಸೃಷ್ಟಿಸಿ ಸೇರಿಸುವ ವಿಧಾನಕ್ಕೆ ಫ್ರೇಮ್ ಜನರೇಷನ್ ಎಂದು ಹೆಸರು. ಸ್ಟೀಮ್ ಮಳಿಗೆಯಲ್ಲಿ ಅಲ್ಪಬೆಲೆಗೆ ಸಿಕ್ಕುವ ಲಾಸ್‌ಲೆಸ್ ಸ್ಕೇಲಿಂಗ್ ಎಂಬ ತಂತ್ರಾಂಶವು ಯಾವ ಸಂಸ್ಥೆಯ ಕಾರ್ಡಿನ ಮೇಲೂ, ಬಹುಮಟ್ಟಿಗೆ ಯಾವ ಆಟದೊಡನೆಯೂ ಇದನ್ನು ಮಾಡಿಕೊಡುತ್ತದೆ. ಆದರೆ ಒಂದೇ ಕಾರ್ಡು ಚಿತ್ರವನ್ನೂ ಬರೆದು ನಡುವಣ ಚಿತ್ರವನ್ನೂ ಊಹಿಸಬೇಕಾದಾಗ ಅದರ ಶಕ್ತಿಯ ಒಂದಂಶ ಊಹೆಗೇ ವ್ಯಯವಾಗಿ, ನಿಜವಾದ ಫ್ರೇಮುಗಳ ಸಂಖ್ಯೆ ಇಳಿಯುತ್ತದೆ. 60 ಬರುತ್ತಿದ್ದ ಕಡೆ 48 ಬಂದು, ಅದು ಇಮ್ಮಡಿಯಾಗಿ 96 ಆಯಿತೆನ್ನಿ. ಹಳೆಯ ಕಾರ್ಡು ಊಹೆಯ ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಂಡರೆ 60 ಅರುವತ್ತಾಗಿಯೇ ಉಳಿದು, ಪರದೆಯ ಮೇಲೆ 120 ಆಗುತ್ತದೆ. ಇವು ಉದಾಹರಣೆಯ ಅಂಕಗಳೆಂಬುದನ್ನು ಮರೆಯಬಾರದು. ಆದರೆ ತತ್ತ್ವವು ಇದೇ.

ಇಲ್ಲಿ ನಮ್ಮ ಹುಡುಗರು ಮುಗ್ಗರಿಸುವ ಒಂದು ಸ್ಥಳವಿದೆ. ಮಾನಿಟರಿನ ಕೇಬಲ್ಲನ್ನು ಅವರು ಅಭ್ಯಾಸಬಲದಿಂದ ಹೊಸ ಕಾರ್ಡಿಗೇ ಸಿಕ್ಕಿಸುತ್ತಾರೆ. ಹಾಗೆ ಮಾಡಿದರೆ ನಿಜವಾದ ಫ್ರೇಮು ಹೊಸದರಿಂದ ಹಳೆಯದಕ್ಕೆ ಹೋಗಿ, ಅಲ್ಲಿ ಹುಟ್ಟಿದ ಫ್ರೇಮು ಮತ್ತೆ ಹೊಸದಕ್ಕೆ ಮರಳಿ, ಎರಡು ಸಾರಿ ದಾರಿ ಸವೆಸಿ, ತಡವಾಗಿ ಪರದೆಯನ್ನು ಸೇರುತ್ತದೆ. ಕೇಬಲ್ಲು ಹಳೆಯ ಕಾರ್ಡಿಗೆ ಹೋಗಬೇಕು. ಆಟವು ಮಾತ್ರ ಹೊಸ ಕಾರ್ಡಿನ ಮೇಲೆಯೇ ನಡೆಯುವಂತೆ ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ಗ್ರಾಫಿಕ್ಸ್ ಎಂಬ ವಿಭಾಗದಲ್ಲಿ ನಿಗದಿಮಾಡಬೇಕು. ಲಾಸ್‌ಲೆಸ್ ಸ್ಕೇಲಿಂಗ್ ತಂತ್ರಾಂಶದಲ್ಲಿ ಹಳೆಯದನ್ನು ಆರಿಸಬೇಕು. ಆಟದ ಲ್ಯಾಪ್‌ಟಾಪುಗಳನ್ನು ಬಳಸುವವರಿಗೆ ಈ ವ್ಯವಸ್ಥೆ ಅಪರಿಚಿತವಾಗಬೇಕಾಗಿಲ್ಲ. 2010ರಿಂದೀಚೆಗೆ ಅಂಥ ಬಹುಪಾಲು ಯಂತ್ರಗಳಲ್ಲಿ ಚಿತ್ರ ಬರೆಯುವ ಕಾರ್ಡು ಒಂದು, ಅದನ್ನು ಪರದೆಗೆ ಮುಟ್ಟಿಸುವ ಸಣ್ಣ ಚಿಪ್ಪು ಇನ್ನೊಂದು.

ಈಗ ಮೊದಲು ಹೇಳಿದ 500 ಮೆಗಾಬೈಟಿನ ಲೆಕ್ಕಕ್ಕೆ ಬರೋಣ. ನಿಜವಾದ ಪ್ರತಿಯೊಂದು ಫ್ರೇಮೂ ಮದರ್‌ಬೋರ್ಡಿನ ಮೂಲಕ ಹಳೆಯ ಕಾರ್ಡಿಗೆ ಸಾಗಬೇಕಾದುದರಿಂದ, ಆ ಹಾದಿಯ ಅಗಲವೇ ಈ ಏರ್ಪಾಡಿನ ಹಣೆಬರಹ. ಮೂರನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ನಾಲ್ಕು ಎಳೆಗಳಿದ್ದರೆ ಸೆಕೆಂಡಿಗೆ ಸುಮಾರು 4 ಗಿಗಾಬೈಟು ಹಾಯಬಲ್ಲದು. 1920ಕ್ಕೆ 1080ರ ಪರದೆಗೆ ಇದು ಧಾರಾಳ. ಎರಡನೆಯ ಪೀಳಿಗೆಯ ಒಂದೇ ಎಳೆಯ ಸ್ಲಾಟಿನಲ್ಲಿ ಹಾಯುವುದು ಸಿದ್ಧಾಂತದಲ್ಲಿಯೇ 500 ಮೆಗಾಬೈಟು. ಎಂದರೆ 60 ಫ್ರೇಮುಗಳು ಅಲ್ಲಿ ಉಸಿರುಗಟ್ಟುತ್ತವೆ. 4ಕೆ ಪರದೆಯ ಒಂದು ಫ್ರೇಮು 33 ಮೆಗಾಬೈಟಾಗುವುದರಿಂದ ಸೆಕೆಂಡಿಗೆ 60ರಂತೆ 2 ಗಿಗಾಬೈಟು ಬೇಕು. ನಾಲ್ಕೆಳೆಯ ಹಾದಿಯೂ ಅಲ್ಲಿ ಅರ್ಧ ತುಂಬಿಹೋಗುತ್ತದೆ. ಅಗ್ಗದ ಮದರ್‌ಬೋರ್ಡುಗಳಲ್ಲಿ ಉದ್ದನೆಯ ಸ್ಲಾಟು ಒಂದೇ ಇರುತ್ತದೆ, ಪಕ್ಕದಲ್ಲಿ ಒಂದೆಳೆಯ ಗಿಡ್ಡ ಸ್ಲಾಟು. ಅಂಥ ಬೋರ್ಡುಳ್ಳವರು ಈ ಭಾಷಣದ ಉಳಿದ ಭಾಗವನ್ನು ಕುತೂಹಲಕ್ಕಾಗಿ ಮಾತ್ರ ಕೇಳಿದರೆ ಸಾಕು. ಉದ್ದನೆಯ ಸ್ಲಾಟು ಎರಡಿದ್ದರೂ, ಎರಡನೆಯದರೊಳಗೆ ಎಳೆಗಳು ಎಷ್ಟೆಂಬುದನ್ನು ಬೋರ್ಡಿನ ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಬೇಕು. ಕೆಲವು ಬೋರ್ಡುಗಳಲ್ಲಿ ಎರಡನೆಯದನ್ನು ತುಂಬಿದೊಡನೆ ಮೊದಲನೆಯದರ ಎಳೆಗಳು ಹದಿನಾರರಿಂದ ಎಂಟಕ್ಕೆ ಇಳಿಯುತ್ತವೆ.

ಊಹೆಯ ಫ್ರೇಮಿನಿಂದ ಕಣ್ಣಿಗೆ ನುಣುಪು ದೊರೆಯುವುದೇ ಹೊರತು ಕೈಗೆ ಚುರುಕು ದೊರೆಯುವುದಿಲ್ಲ. ಮುಂದಿನ ನಿಜವಾದ ಫ್ರೇಮು ಬಂದ ಮೇಲಲ್ಲವೇ ನಡುವಣದನ್ನು ಊಹಿಸುವುದು? ಆದುದರಿಂದ ಒಂದಿಷ್ಟು ವಿಳಂಬವು ಈ ವಿಧಾನದ ಸ್ವಭಾವದಲ್ಲಿಯೇ ಇದೆ. ಊರೂರು ತಿರುಗಿ ಕಥೆಯನ್ನು ಕಾಣುವ ಆಟಗಳಲ್ಲಿ ಇದು ಬಾಧಕವಲ್ಲ. ಎದುರಾಳಿಯ ಮೇಲೆ ಕ್ಷಣಾರ್ಧದಲ್ಲಿ ಗುಂಡು ಹಾರಿಸಬೇಕಾದ ಸ್ಪರ್ಧೆಯ ಆಟಗಳನ್ನೇ ಆಡುವವರಿಗೆ ಎರಡನೆಯ ಕಾರ್ಡಿನಿಂದ ಲಾಭವಿಲ್ಲ. ನಿಜವಾದ ಫ್ರೇಮುಗಳೇ ಮೂವತ್ತರ ಕೆಳಗಿರುವಲ್ಲಿ ಊಹೆಯು ತಪ್ಪಿ, ಓಡುವವನ ಕಾಲುಗಳ ಸುತ್ತ ಮಂಜು ಮುಸುಕಿದಂತಾಗುತ್ತದೆ. ಬಡಯಂತ್ರವನ್ನು ಇದರಿಂದ ಸಿರಿವಂತವಾಗಿಸಬಹುದೆಂಬ ಭ್ರಮೆ ಬೇಡ.

ವಿದ್ಯುತ್ತಿನ ವಿಚಾರವನ್ನು ಹೇಳದೆ ಹೋದರೆ ಅಪಚಾರವಾದೀತು. ಸ್ಲಾಟೊಂದರಿಂದ ಕಾರ್ಡಿಗೆ ದೊರೆಯುವುದು ಹೆಚ್ಚೆಂದರೆ 75 ವಾಟ್. ಅಷ್ಟರೊಳಗೇ ಬದುಕುವ, ಬೇರೆ ತಂತಿಯನ್ನು ಬೇಡದ ಕಾರ್ಡುಗಳೇ ಎರಡನೆಯ ಸ್ಥಾನಕ್ಕೆ ಉತ್ತಮ: 2014ರ ಜಿಟಿಎಕ್ಸ್ 750 ಟಿಐ 60 ವಾಟ್‌ನದು, 2016ರ ಜಿಟಿಎಕ್ಸ್ 1050 ಟಿಐ 75 ವಾಟ್‌ನದು, 2019ರ ಜಿಟಿಎಕ್ಸ್ 1650ರ ಮೂಲ ಮಾದರಿಯೂ ಅಷ್ಟೇ. 2017ರ ಆರ್‌ಎಕ್ಸ್ 580 ಪ್ರಬಲವಾದ ಕಾರ್ಡು ನಿಜ, ಆದರೆ ಅದೊಂದೇ 185 ವಾಟ್ ಬೇಡುತ್ತದೆ. ಮುಖ್ಯ ಕಾರ್ಡು 115 ವಾಟ್‌ನ ಆರ್‌ಟಿಎಕ್ಸ್ 4060 ಆಗಿದ್ದು, ಸಂಸ್ಕಾರಕ 65 ವಾಟ್‌ನದಾಗಿದ್ದು, ಪಕ್ಕದಲ್ಲಿ 1050 ಟಿಐ ಕುಳಿತರೆ ಈ ಮೂರಕ್ಕೇ 255 ವಾಟ್ ಆಯಿತು. ಉಳಿದುದನ್ನು ಕೂಡಿಸಿದರೂ ಒಳ್ಳೆಯ ತಯಾರಿಕೆಯ 450 ವಾಟ್‌ನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆಯು ಇದನ್ನು ತಾಳಿಕೊಳ್ಳುತ್ತದೆ. ಕ್ಯಾಬಿನೆಟ್ಟಿನ ಜೊತೆಗೆ ಉಚಿತವಾಗಿ ಬಂದ ಎಸ್‌ಎಂಪಿಎಸ್ ಮೇಲೆ ಬರೆದ ಅಂಕಿಯನ್ನು ನಂಬಿ ಎರಡನೆಯ ಕಾರ್ಡನ್ನು ಹಾಕುವವರಿಗೆ ನನ್ನ ಅನುಮೋದನೆಯಿಲ್ಲ. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಯುಪಿಎಸ್‌ನ ಲೆಕ್ಕವೂ ಬೇರೆಯಾಗಿ ಇದೆ: ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಹೊರುವುದು 360 ವಾಟ್‌ನ ಸುಮಾರನ್ನು ಮಾತ್ರ, ಮಾನಿಟರೂ ಅದಕ್ಕೇ ಸೇರಿದ್ದರೆ, ಆಟದ ನಡುವೆ ಕರೆಂಟು ಹೋದ ಕ್ಷಣದಲ್ಲಿ ಅದು ಕೀರಲುತ್ತ ಕೈಚೆಲ್ಲಬಹುದು. ತಿಂಗಳ ಖರ್ಚು ಮಾತ್ರ ಹೆದರುವಷ್ಟಲ್ಲ. 75 ವಾಟ್‌ನ ಕಾರ್ಡು ದಿನಕ್ಕೆ ನಾಲ್ಕು ಗಂಟೆ ಪೂರ್ಣಬಲದಿಂದ ದುಡಿದರೆ ತಿಂಗಳಿಗೆ ಒಂಬತ್ತು ಯೂನಿಟ್ಟು. ದಿನಕ್ಕೆ ನಾಲ್ಕು ಗಂಟೆ ಆಡಬೇಕೇ ಎಂಬ ಪ್ರಶ್ನೆಯನ್ನು ತಂದೆತಾಯಿಗಳಿಗೆ ಬಿಡುತ್ತೇನೆ.

ಕೊಪ್ಪಳ ಸೀಮೆಯ ಬೇಸಗೆಯನ್ನೂ ಧೂಳನ್ನೂ ಪುಸ್ತಕದಲ್ಲಿ ಓದಿ ತಿಳಿಯಬೇಕಾದವರು ನಾವಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊರಗೆ 40 ಡಿಗ್ರಿ ಇರುವಾಗ, ಒಂದರ ಕೆಳಗೊಂದು ಕುಳಿತ ಎರಡು ಕಾರ್ಡುಗಳಲ್ಲಿ ಕೆಳಗಿನದು ಉಗುಳಿದ ಬಿಸಿಗಾಳಿಯನ್ನೇ ಮೇಲಿನದು ಸೇದುತ್ತದೆ; ಹೀಗಾಗಿ ಹಳೆಯದಕ್ಕೆ ಆಶ್ರಯ ಕೊಟ್ಟ ಪುಣ್ಯಕ್ಕೆ ಹೊಸದು ಬೇಯುತ್ತದೆ. ನಡುವೆ ಒಂದು ಸ್ಲಾಟಿನಷ್ಟಾದರೂ ಅಂತರವಿರುವ ಬೋರ್ಡು, ಮುಂಭಾಗದಿಂದ ಗಾಳಿ ತಳ್ಳುವ ಎರಡು ಫ್ಯಾನುಗಳಾದರೂ ಇರುವ ಕ್ಯಾಬಿನೆಟ್ಟು, ಇವಿಲ್ಲದೆ ಈ ಸಾಹಸಕ್ಕೆ ಇಳಿಯಬಾರದು. ಎರೆಮಣ್ಣಿನ ನುಣ್ಣನೆಯ ಧೂಳು, ಗಿಣಿಗೇರಿಯ ಆಸುಪಾಸಿನವರಿಗಾದರೆ ಕಾರ್ಖಾನೆಗಳ ಕರಿಧೂಳು, ಇವು ಹಳೆಯ ಕಾರ್ಡಿನ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡಿರುತ್ತವೆ. ಕಾರ್ಡನ್ನು ಮತ್ತೆ ಕೂರಿಸುವ ಮೊದಲು ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು ಬ್ಲೋವರಿನಿಂದ ಊದಬೇಕು. ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಬೇಕು. ಕ್ಯಾಬಿನೆಟ್ಟನ್ನು ನೆಲದ ಮೇಲಿಡದೆ ಒಂದು ಮಣೆಯ ಮೇಲಿಟ್ಟರೂ ಧೂಳಿನ ಬಾಧೆ ಎಷ್ಟೋ ತಗ್ಗುತ್ತದೆ.

ಇಷ್ಟನ್ನೆಲ್ಲ ಸರಿಪಡಿಸಿದವನೂ ಡ್ರೈವರಿನ ಮುಂದೆ ಸೋಲಬಹುದು. ಎರಡೂ ಕಾರ್ಡುಗಳು ಎನ್‌ವಿಡಿಯಾದವಾಗಿದ್ದರೆ ಎರಡಕ್ಕೂ ಒಂದೇ ಆವೃತ್ತಿಯ ಡ್ರೈವರು ಸಲ್ಲಬೇಕು. ಜಿಟಿಎಕ್ಸ್ 900 ಮತ್ತು 1000 ಶ್ರೇಣಿಗಳಿಗೆ ಆಟಗಳ ಹೊಂದಿಕೆಯ ಡ್ರೈವರುಗಳನ್ನು ಕೊಡುವುದನ್ನು ಆ ಸಂಸ್ಥೆಯು 2025ರ ಅಕ್ಟೋಬರಿಗೆ ಮುಗಿಸಿ, 2028ರ ಅಕ್ಟೋಬರಿನವರೆಗೆ ಭದ್ರತೆಯ ತಿದ್ದುಪಡಿಗಳನ್ನಷ್ಟೇ ಕೊಡುವೆನೆಂದು ಸಾರಿದೆ. ಮೇಲೆ ನಾನು ಹೊಗಳಿದ 750 ಟಿಐ ಮತ್ತು 1050 ಟಿಐ ಕಾರ್ಡುಗಳೂ ಇದೇ ಗುಂಪಿಗೆ ಸೇರಿದವು. ಆದುದರಿಂದ ಇವನ್ನು ಹೊಸ ಆರ್‌ಟಿಎಕ್ಸ್ ಕಾರ್ಡಿನೊಡನೆ ಇರಿಸಿಕೊಳ್ಳುವವನು 580ನೆಯ ಶಾಖೆಯ ಡ್ರೈವರಿನಲ್ಲಿಯೇ ನಿಲ್ಲಬೇಕು. ಮುಂದೆ ಬರುವ ಆಟಗಳಿಗಾಗಿ ಹೊಸ ಕಾರ್ಡು ಪಡೆಯಬಹುದಾದ ಸುಧಾರಣೆಗಳನ್ನು ಹಳೆಯದರ ಸಲುವಾಗಿ ಬಿಟ್ಟುಕೊಡಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಇದು ದುಬಾರಿಯ ತ್ಯಾಗ. ಒಂದು ಕಾರ್ಡು ಎನ್‌ವಿಡಿಯಾದು, ಇನ್ನೊಂದು ಎಎಂಡಿಯದು ಆಗಿದ್ದರೆ ಈ ತೊಡಕಿಲ್ಲ. ಎರಡು ಮನೆತನಗಳ ಡ್ರೈವರುಗಳು ಒಂದೇ ವಿಂಡೋಸಿನಲ್ಲಿ ಜಗಳವಾಡದೆ ಇರುತ್ತವೆ. ಹೀಗೆ, ಅಣ್ಣತಮ್ಮಂದಿರಿಗಿಂತ ಬೀಗರೇ ಹೆಚ್ಚು ಹೊಂದಿಕೊಂಡು ಬಾಳುವ ಸ್ಥಿತಿ ಇಲ್ಲಿ ಉಂಟಾಗಿದೆ.

ಆಟವನ್ನು ಆಡುತ್ತಲೇ ಅದನ್ನು ಯೂಟ್ಯೂಬಿನಲ್ಲಿ ಬಿತ್ತರಿಸುವವರು ವಿಡಿಯೋ ಸಂಕೋಚನದ ಕೆಲಸವನ್ನು ಹಳೆಯ ಕಾರ್ಡಿಗೆ ಒಪ್ಪಿಸುವುದೂ ಉಂಟು. ಹೊಸ ಕಾರ್ಡುಗಳಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಅಂಗವಿರುವುದರಿಂದ ಇದರ ಅವಶ್ಯಕತೆ ಕಡಿಮೆ. ಎರಡನೆಯ ಮಾನಿಟರನ್ನು ಹಳೆಯದಕ್ಕೆ ಸಿಕ್ಕಿಸಿದರೆ ಮುಖ್ಯ ಕಾರ್ಡಿನ ಭಾರ ಇಳಿಯುತ್ತದೆನ್ನುವವರಿದ್ದಾರೆ, ಇಳಿಯುವುದು ಅತ್ಯಲ್ಪ.

ಮನೆಯಲ್ಲಿ ಹಳೆಯ ಕಾರ್ಡಿಲ್ಲದವನು ಎರಡನೆಯದಕ್ಕಾಗಿಯೇ ಒಂದನ್ನು ಕೊಳ್ಳಬೇಕೇ? ಬೆಂಗಳೂರಿನ ಎಸ್‌ಪಿ ರೋಡು, ಎಂದರೆ ಸಾದರ ಪತ್ರಪ್ಪ ರಸ್ತೆ, ಹಳೆಯ ಕಂಪ್ಯೂಟರು ಭಾಗಗಳ ಪ್ರಸಿದ್ಧ ಪೇಟೆ. ಅಲ್ಲಿಗೆ ಹೋದವರ ಕೈಯಲ್ಲಿ ಒಂದು ಕಾರ್ಡನ್ನು ತರಿಸಿಕೊಳ್ಳುವ ಆಸೆ ನಮ್ಮ ಕಡೆಯ ಹುಡುಗರಿಗೆ ಸಹಜ. ನನ್ನ ಅಭಿಪ್ರಾಯದಲ್ಲಿ ಅದು ಕೂಡದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಅಂಕೀಯ ನಾಣ್ಯದ ಪದ್ಧತಿ ಬದಲಾಗಿ, ಆ ನಾಣ್ಯವನ್ನು ಗಳಿಸಲು ಹಗಲಿರುಳು ದುಡಿದಿದ್ದ ಕಾರ್ಡುಗಳು ಜಗತ್ತಿನೆಲ್ಲೆಡೆ ಹಳೆಯ ಸಾಮಾನಿನ ಪೇಟೆಗಳಿಗೆ ಬಂದು ಬಿದ್ದವು; ಹೊರಗಿನ ಹೊಳಪನ್ನು ನೋಡಿ ಅವುಗಳ ಪೂರ್ವಾಶ್ರಮವನ್ನು ಅರಿಯಲಾಗದು. ಮೇಲಾಗಿ, ಎರಡನೆಯ ಕಾರ್ಡಿಗೆ ಕೊಡುವ ಹಣವನ್ನೂ ಅದಕ್ಕಾಗಿ ಬದಲಿಸಬೇಕಾದ ಎಸ್‌ಎಂಪಿಎಸ್‌ನ ಹಣವನ್ನೂ ಕೂಡಿಟ್ಟು, ಮೊದಲನೆಯದನ್ನೇ ಮುಂದೆ ಒಂದು ಮೆಟ್ಟಿಲು ಮೇಲಿನದಕ್ಕೆ ಬದಲಾಯಿಸುವುದು ಜಾಣತನ. ಎರಡನೆಯ ಕಾರ್ಡಿನ ಸೊಗಸಿರುವುದು ಅದು ಪುಕ್ಕಟೆಯಾಗಿ ಮನೆಯಲ್ಲಿಯೇ ಇರುವುದರಲ್ಲಿ.

ಬೋರ್ಡಿನಲ್ಲಿ ಸ್ಲಾಟಿಲ್ಲದೆ, ಡ್ರೈವರು ಕೂಡದೆ, ಯಾವ ಬಗೆಯಿಂದಲೂ ಹಳೆಯ ಕಾರ್ಡು ಜೊತೆಗೂಡದಿದ್ದರೆ ಅದನ್ನು ಗುಜರಿಯವನ ತಕ್ಕಡಿಗೆ ಹಾಕುವ ಅವಸರ ಬೇಡ. ಇಂಟೆಲ್ ಸಂಸ್ಕಾರಕಗಳಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರವಿರುವವಕ್ಕೆ ಸ್ವಂತ ಚಿತ್ರಶಕ್ತಿಯಿಲ್ಲ. ಎಎಂಡಿಯ 7000 ಶ್ರೇಣಿಗೆ ಹಿಂದಿನ ಡೆಸ್ಕ್‌ಟಾಪ್ ರೈಜನ್‌ಗಳಲ್ಲಿಯೂ ಜಿ ಅಕ್ಷರವುಳ್ಳವನ್ನು ಬಿಟ್ಟು ಹೆಚ್ಚಿನವು ಹಾಗೆಯೇ. ಅಂಥ ಯಂತ್ರದಲ್ಲಿ ಮುಖ್ಯ ಕಾರ್ಡು ಕೆಟ್ಟು ವಾರಂಟಿಗೆಂದು ಹೋದರೆ, ಅದು ಮರಳಿ ಬರುವವರೆಗೆ ಪರದೆಯ ಮೇಲೆ ಒಂದಕ್ಷರವೂ ಮೂಡದು. ರೋಗವು ಕಾರ್ಡಿನದೋ, ಮದರ್‌ಬೋರ್ಡಿನದೋ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಲು ಕೂಡ ಕೆಲಸಮಾಡುವ ಇನ್ನೊಂದು ಕಾರ್ಡು ಕೈಯಲ್ಲಿರಬೇಕಾಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಪ್ರಾಜೆಕ್ಟ್ ವರದಿಯನ್ನು ಮುಗಿಸಬೇಕಾದ ತಳಕಲ್ಲಿನ ವಿದ್ಯಾರ್ಥಿಗೆ, ಹುಬ್ಬಳ್ಳಿಗೋ ಬೆಂಗಳೂರಿಗೋ ಕಳುಹಿಸಿದ ಕಾರ್ಡಿನ ದಾರಿಯನ್ನು ಕಾಯುತ್ತಿರುವಾಗ, 750 ಟಿಐ ತನ್ನ 60 ವಾಟ್‌ನಲ್ಲಿ ಆ ವರದಿಯನ್ನು ಯಾವ ತಡೆಯೂ ಇಲ್ಲದೆ ತೋರಿಸಿಕೊಡುತ್ತದೆ.